ಸರಣಿ ಕಾದಂಬರಿಗಳನ್ನು ಎಲ್ಲಿಗೆ ನಿಲ್ಲಿಸಬಹುದು?

ಪ್ರಶ್ನೆ: ಗಂಗಾವತಿ ಓದುಗ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ವೈಜ್ಞಾನಿಕ ಕಾದಂಬರಿ ಮತ್ತು ಫ್ಯಾಂಟಸಿ ಸರಣಿಗಳನ್ನು ಕೈಗೆ ಸಿಕ್ಕಂತೆ ಓದುತ್ತ ಬಂದವನು ನಾನು. ಈಚೆಗೆ ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಓದಿ ಮುಗಿಸಿದೆ. ಹನಿ ನೀರಿಗೂ ಲೆಕ್ಕವಿಡುವ ಆ ಮರುಭೂಮಿಯ ಜನ ಇನ್ನೂ ತಲೆಯಿಂದ ಇಳಿದಿಲ್ಲ. ಎದುರಿಗೆ ಬಂದವನು ಮೇಜಿನ ಮೇಲೆ ಉಗುಳಿದಾಗ ಅದು ಅವಮಾನವಲ್ಲ, ತನ್ನ ಮೈಯ ನೀರನ್ನೇ ಕೊಟ್ಟು ತೋರಿಸಿದ ಗೌರವ ಎಂದು ತಿಳಿಯುವ ಆ ಒಂದು ದೃಶ್ಯಕ್ಕಾಗಿಯೇ ಪುಸ್ತಕವನ್ನು ಇನ್ನೊಮ್ಮೆ ಓದಬಹುದು.

ಆದರೆ ಇದರ ಮುಂದೆ ಹರ್ಬರ್ಟ್ ಅವರೇ ಬರೆದ ಇನ್ನೂ ಐದು ಸಂಪುಟಗಳಿವೆ. ಅವರ ಮಗ ಮತ್ತೊಬ್ಬ ಲೇಖಕರ ಜೊತೆ ಸೇರಿ ಬರೆದವು ಬೇರೆ. ಮೊದಲ ಪುಸ್ತಕದಲ್ಲೇ ಕಥೆ ಒಂದು ನೆಲೆಗೆ ಬಂದಿರುವಾಗ ಮುಂದಕ್ಕೆ ಹೋಗಬೇಕೇ, ಅಲ್ಲಿಗೇ ಬಿಡುವುದು ಲೇಸೇ? ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಸರಣಿಯನ್ನು ಹಿಡಿಯುವ ಯೋಚನೆಯೂ ಇದೆ. ಅದನ್ನು ಪ್ರಕಟವಾದ ಕ್ರಮದಲ್ಲಿ ಓದಬೇಕೋ, ಕಥೆಯ ಕಾಲಕ್ರಮದಲ್ಲಿ ಓದಬೇಕೋ? ನಮ್ಮೂರಿನ ಅಂಗಡಿಗಳಲ್ಲಿ ಇಂಥ ಪುಸ್ತಕಗಳು ಸಿಗುವುದಿಲ್ಲ, ತರಿಸಿಕೊಂಡೇ ಓದಬೇಕು. ಆದ್ದರಿಂದ ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ಉತ್ತರ: ಕೋಟೆ ಪ್ರದೇಶ, ಬಳ್ಳಾರಿ

ಸರ್, ‘ಡ್ಯೂನ್’ 1965ರ ಪುಸ್ತಕ, ‘ಡ್ಯೂನ್ ಮೆಸ್ಸಾಯಾ’ 1969ರದು. ಎರಡನೆಯದನ್ನು ಓದದೆ ಬಿಡಬೇಡಿ. ಮೊದಲನೆಯದರಲ್ಲಿ ನಾವು ಚಪ್ಪಾಳೆ ತಟ್ಟಿ ಸಿಂಹಾಸನಕ್ಕೇರಿಸಿದ ಕಥಾನಾಯಕ ಪಾಲ್, ಇಲ್ಲಿ ತನ್ನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಸತ್ತವರ ಲೆಕ್ಕವನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ. ಆ ಸಂಖ್ಯೆ 6,100 ಕೋಟಿ. ಜನರನ್ನು ಉದ್ಧರಿಸಲು ಬಂದ ಮಹಾಪುರುಷರ ಬಗ್ಗೆ ಎಚ್ಚರವಿರಲಿ ಎಂಬ ಮಾತು ಮೊದಲ ಸಂಪುಟದಲ್ಲೂ ಇತ್ತಾದರೂ, ಕಥೆಯ ಓಟದಲ್ಲಿ ಅದು ಹೆಚ್ಚಿನವರ ಕಣ್ಣಿಗೆ ಬೀಳದೆ ಹೋಗುತ್ತದೆ. ನನ್ನ ಮಟ್ಟಿಗೆ ಅಲ್ಲಿಗೆ ಸರಣಿ ಮುಗಿಯಿತು. ಆಮೇಲಿನವುಗಳಲ್ಲಿ ಮಾತೇ ಹೆಚ್ಚು.

‘ಫೌಂಡೇಶನ್’ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ: ಪ್ರಕಟವಾದ ಕ್ರಮದಲ್ಲೇ ಓದಿ. 1942ರಿಂದ ಪತ್ರಿಕೆಯಲ್ಲಿ ಬಿಡಿ ಕಥೆಗಳಾಗಿ ಬಂದು, 1951ರಿಂದ 1953ರೊಳಗೆ ಮೂರು ಪುಸ್ತಕಗಳಾದ ಭಾಗವೇ ಅದರ ಜೀವ. ಸಾಮ್ರಾಜ್ಯ ಕುಸಿದ ಮೇಲೆ ಬರಲಿರುವ ಮೂವತ್ತು ಸಾವಿರ ವರ್ಷಗಳ ಕತ್ತಲೆಯನ್ನು ಒಂದು ಸಾವಿರಕ್ಕೆ ಇಳಿಸಲು ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಯೋಜನೆ ಹಾಕಿ ಸತ್ತುಹೋಗುತ್ತಾನೆ. ಆಮೇಲೆ ಒಂದೊಂದು ಬಿಕ್ಕಟ್ಟಿನ ಹೊತ್ತಿಗೆ ಮುಂಚೆಯೇ ಚಿತ್ರಿಸಿಟ್ಟ ಅವನ ಆಕೃತಿ ಮೂಡಿ ಮಾತಾಡುತ್ತದೆ. ಎರಡನೆಯ ಪುಸ್ತಕದಲ್ಲಿ ಅದೇ ಆಕೃತಿ ಗಾಂಭೀರ್ಯದಿಂದ ಏನನ್ನೋ ವಿವರಿಸುತ್ತಿದ್ದರೆ, ಹೊರಗೆ ನಡೆಯುತ್ತಿರುವುದಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲವೆಂದು ಸಭೆಗೆ ಗೊತ್ತಾಗುವ ಘಳಿಗೆಯೊಂದಿದೆ. ಇಡೀ ಸರಣಿಯಲ್ಲಿ ಅದಕ್ಕಿಂತ ದೊಡ್ಡ ಕ್ಷಣ ನನಗೆ ಕಾಣಿಸಿಲ್ಲ. 1988ರ ‘ಪ್ರಿಲ್ಯೂಡ್ ಟು ಫೌಂಡೇಶನ್’ನಿಂದ ಆರಂಭಿಸಿದರೆ ಸೆಲ್ಡನ್ ನಮ್ಮ ಪಕ್ಕದ ಮನೆಯವನಂತಾಗಿಬಿಡುತ್ತಾನೆ, ಆ ಕ್ಷಣದ ಪೆಟ್ಟು ತಗ್ಗುತ್ತದೆ. ಇನ್ನೊಂದು ವಿಚಿತ್ರವೆಂದರೆ, 1986ರವರೆಗೆ ಮುಂದುವರಿಸಿದರೂ ಅಸಿಮೋವ್ ಅವರು ಆ ಸಾವಿರ ವರ್ಷಗಳ ಅರ್ಧ ದಾರಿಯನ್ನು ದಾಟಲೇ ಇಲ್ಲ.

ಉತ್ತರ: ಸಿಂಧನೂರು ತಾಲ್ಲೂಕಿನಿಂದ

ಬಳ್ಳಾರಿಯವರ ಮಾತಿಗೆ ನನ್ನ ಸಹಮತವಿಲ್ಲ. ‘ಡ್ಯೂನ್’ ಸರಣಿಯನ್ನು ಎರಡಕ್ಕೆ ನಿಲ್ಲಿಸಿದರೆ ನೀರಿನ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಮೊದಲ ಪುಸ್ತಕದ ಮರುಭೂಮಿಯ ಜನರಿಗೆ ಒಂದೇ ಕನಸು: ತಲೆಮಾರುಗಟ್ಟಲೆ ನೀರನ್ನು ಕೂಡಿಟ್ಟು ನೆಲವನ್ನು ಹಸಿರು ಮಾಡುವುದು. 1976ರ ಮೂರನೆಯ ಸಂಪುಟದಲ್ಲಿ ಆ ಕನಸು ಕೈಗೂಡುತ್ತಿರುತ್ತದೆ; ಅದರ ಬೆಲೆಯೂ ಅಲ್ಲೇ ಗೊತ್ತಾಗುತ್ತದೆ. ಆ ಗ್ರಹದ ಸಂಪತ್ತೆಲ್ಲ ಮರಳಹುಳುಗಳಿಂದ ಬರುವ ಮಸಾಲೆಯಲ್ಲಿದೆ, ಆ ಹುಳುಗಳಿಗೋ ನೀರೇ ವಿಷ. 1981ರ ನಾಲ್ಕನೆಯ ಸಂಪುಟಕ್ಕೆ ಬರುವಾಗ ಸುಮಾರು 3,500 ವರ್ಷಗಳು ಕಳೆದಿವೆ, ಊರೆಲ್ಲ ಹಸಿರಾಗಿದೆ, ಮರುಭೂಮಿ ಒಂದು ತುಂಡು ಮಾತ್ರ ಉಳಿದಿದೆ, ಹಳೆಯ ಯೋಧರ ಸಂತತಿ ಪೂರ್ವಿಕರ ಆಚಾರಗಳನ್ನು ಬರೀ ಪ್ರದರ್ಶನಕ್ಕೆಂದು ಮಾಡುತ್ತಿದೆ.

ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರು ಓದುವ ರೀತಿಯೇ ಬೇರೆ ಎಂದು ನನಗನ್ನಿಸುತ್ತದೆ. ಕಾಲುವೆ ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆ ಹೊಲಗಳು ಭತ್ತದ ಗದ್ದೆಗಳಾದವು, ಕೈಯಲ್ಲಿ ದುಡ್ಡೂ ಆಡಿತು. ನೀರು ನಿಂತಲ್ಲೆಲ್ಲ ನೆಲ ಸವಳು-ಜವಳಾಯಿತು, ಕೊನೆ ಭಾಗದ ರೈತರು ಇವತ್ತಿಗೂ ಗೇಟಿನ ಕಡೆ ನೋಡುತ್ತ ಕೂತಿದ್ದಾರೆ. ನೀರು ಬರಬಾರದಿತ್ತು ಎಂದು ಇಲ್ಲಿ ಯಾರೂ ಹೇಳುವುದಿಲ್ಲ, ಹರ್ಬರ್ಟ್ ಕೂಡ ಹೇಳುವುದಿಲ್ಲ. ನೀರು ಬಂದ ಮೇಲೆ ಏನಾಗುತ್ತದೆ ಎಂಬುದನ್ನು ನಾಲ್ಕು ಸಂಪುಟಗಳವರೆಗೆ ಬಿಡದೆ ಹಿಂಬಾಲಿಸಿದ್ದೇ ಅವರ ದೊಡ್ಡತನ. ಮಾತು ಹೆಚ್ಚೆಂಬ ದೂರು ಸರಿಯೇ. ನಾಲ್ಕನೆಯದರಲ್ಲಂತೂ ಚಕ್ರವರ್ತಿ ಪುಟಗಟ್ಟಲೆ ಉಪದೇಶ ಮಾಡುತ್ತಾನೆ. ಆದರೂ ಓದಿ. ಐದು ಮತ್ತು ಆರನ್ನು ಬಿಟ್ಟರೆ ನಷ್ಟವಿಲ್ಲ. 1986ರಲ್ಲಿ ಲೇಖಕರು ತೀರಿಕೊಂಡದ್ದರಿಂದ ಆ ಕಥೆ ನಡುವೆಯೇ ನಿಂತಿದೆ.

ಉತ್ತರ: ಸಿರುಗುಪ್ಪದ ಹಳೆಯ ಓದುಗಳು

ಸರ್, ನಿಂತುಹೋದ ಸರಣಿಗಳಿಗೆ ಇಷ್ಟೊಂದು ಅಂಜುವುದು ಬೇಡ. ನಮ್ಮ ಕಡೆ ದೊಡ್ಡಾಟಕ್ಕೆ ಕೂಡುವ ಮಂದಿಗೆ ಕೌರವ ಸೋಲುವುದು ಮುಂಚೆಯೇ ಗೊತ್ತಿದ್ದರೂ ಬೆಳಗಿನವರೆಗೆ ಏಳುವುದಿಲ್ಲ. ಅವರು ಕಾಯುವುದು ಪಾತ್ರಧಾರಿಯ ಮಾತಿಗೆ, ಕುಣಿತಕ್ಕೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದಿತು. ಆರನೆಯದಕ್ಕೆ ಕಾದು ಬೇಸತ್ತವರು ಬಹಳ. ನನಗೆ ಮೊದಲ ಮೂರೇ ಸಾಕಾಗಿವೆ, ಅವನ್ನು ಆಗಾಗ ತೆಗೆದು ಓದುತ್ತೇನೆ. ಅದಕ್ಕೆ ಎದುರಾಗಿ ‘ವೀಲ್ ಆಫ್ ಟೈಮ್’ ಪೂರ್ತಿ ಮುಗಿದಿದೆ: 1990ರಲ್ಲಿ ಆರಂಭಿಸಿದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟಕ್ಕೆ ಮಂಗಳ ಹಾಡಿದರು. ಆದರೆ ಹತ್ತನೆಯದರಲ್ಲಿ ಕಥೆ ಕಾಲು ಕಿತ್ತಿಡುವುದೇ ಇಲ್ಲ. ಕೊನೆಯಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ನಾನು ಯಾರಿಗೂ ಹೇಳಲಾರೆ.

ಚಿಕ್ಕದು ಬೇಕೆಂದರೆ ಉರ್ಸುಲಾ ಲೆ ಗ್ವಿನ್ ಅವರ ‘ಅರ್ಥ್‌ಸೀ’ ತರಿಸಿಕೊಳ್ಳಿ. 1968, 1971, 1972ರ ಮೂರು ತೆಳು ಪುಸ್ತಕಗಳು, ಯಾವುದನ್ನು ಮುಗಿಸಿದರೂ ಅಲ್ಲಿಗೆ ನಿಲ್ಲಬಹುದು. 1990ರ ನಾಲ್ಕನೆಯದನ್ನು ‘ಕೊನೆಯ ಪುಸ್ತಕ’ ಎಂದು ಮುಖಪುಟದಲ್ಲೇ ಸಾರಿದ ಆಯಮ್ಮ 2001ರಲ್ಲಿ ಮತ್ತೆರಡು ಬರೆದರು, ಸದ್ಯ, ಬರೆದರು.

ಗಂಗಾವತಿ ಓದುಗ

ಎಲ್ಲರಿಗೂ ಧನ್ಯವಾದಗಳು. ‘ಫೌಂಡೇಶನ್’ ಮೊದಲ ಮೂರನ್ನು ಈ ವಾರವೇ ತರಿಸುತ್ತೇನೆ. ಸಿಂಧನೂರಿನವರಿಗೆ ಇನ್ನೊಂದು ಪ್ರಶ್ನೆ: ‘ಡ್ಯೂನ್’ ಸರಣಿಯಲ್ಲಿ ಎರಡನೆಯದಾದ ಮೇಲೆ ನೇರವಾಗಿ ನಾಲ್ಕನೆಯದಕ್ಕೆ ಹೋದರೆ ನಡೆಯುತ್ತದೆಯೇ?

ಸಿಂಧನೂರು ತಾಲ್ಲೂಕಿನಿಂದ

ನಡೆಯುವುದಿಲ್ಲ ಸರ್. ನಾಲ್ಕನೆಯದರಲ್ಲಿ ಚಕ್ರವರ್ತಿಯ ಮೈ ಯಾಕೆ ಮರಳಹುಳುವಿನಂತಾಗಿದೆ ಎಂಬುದು ಮೂರನೆಯದರ ಕೊನೆಯ ಭಾಗದಲ್ಲಿದೆ. ಅದನ್ನು ಬಿಟ್ಟರೆ ಮೊದಲ ಐವತ್ತು ಪುಟ ತಲೆಬುಡ ತಿಳಿಯುವುದಿಲ್ಲ.