ಮಳೆಗಾಲದ ತೋಟದ ದಾರಿಗೆ ಯಾವ ಫೋರ್ ಬೈ ಫೋರ್?

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟ. ಟಾರು ಮುಗಿದ ಮೇಲೆ 3 ಕಿ.ಮೀ. ಮಣ್ಣುದಾರಿ, ನಡುವೆ ಒಂದು ಹಳ್ಳ, ಕೊನೆಗೆ ಕಡಿದಾದ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಓಡಾಟ ತಪ್ಪಲ್ಲ. ನಾಲ್ಕೂ ಗಾಲಿಗೆ ಡ್ರೈವ್ ಇರೋ (ಫೋರ್ ಬೈ ಫೋರ್) ಗಾಡಿ ಬೇಕು. ಮಾರುತಿಯ ಹಳೇ ಜಿಪ್ಸಿ, ಜಿಮ್ನಿ, ಮಹೀಂದ್ರ ಥಾರ್ ಮೂರರಲ್ಲಿ ಯಾವುದು ತಗೊಳ್ಳಲಿ? ಗಾಡಿ ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಹಾಕಿಸಬಹುದಾ?

ಸಕಲೇಶಪುರದಿಂದ: ಸರ್, ಶೋರೂಮಿಗೆ ಹೋಗೋ ಮುಂಚೆ ಟೇಪ್ ಹಿಡ್ಕೊಂಡು ದಾರಿ ಅಳೀರಿ. ಜಿಪ್ಸಿ ಅಗಲ 1540 ಮಿ.ಮೀ., ಜಿಮ್ನಿ 1645, ಥಾರ್ 1820. ಒಂದು ಕಡೆ ಧರೆ (ಮಣ್ಣಿನ ಗೋಡೆ), ಇನ್ನೊಂದು ಕಡೆ ಚರಂಡಿ ಇದ್ದರೆ ಜಿಮ್ನಿಗೂ ಥಾರಿಗೂ ನಡುವಿನ ಆ ಮುಕ್ಕಾಲು ಗೇಣು ದೊಡ್ಡದು. ತೂಕವನ್ನೂ ನೋಡಿ. ಜಿಮ್ನಿ ಖಾಲಿ ಇದ್ದಾಗ ಸುಮಾರು 1200 ಕೆ.ಜಿ., ಡೀಸೆಲ್ ಥಾರ್ 1700 ದಾಟುತ್ತೆ. ನೆಂದ ಕೆಮ್ಮಣ್ಣಿನ ಇಳಿಜಾರಲ್ಲಿ ಭಾರದ ಗಾಡಿ ಜಾರೋಕೆ ಶುರುವಾದ್ರೆ ಹಿಡಿಯೋದು ಕಷ್ಟ. ನನ್ನ ಮತ ಜಿಮ್ನಿಗೆ. ಗಾರ್ಡ್ ಬೇಡವೇ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಇಲಾಖೆ ಬೇಡ ಅಂದಿದೆ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯೋಕೂ ಅಡ್ಡಿ.

ಕಳಸದಿಂದ: ಜಿಮ್ನಿ ಒಳ್ಳೇದೇ ಮಾರಾಯ್ರೆ, ಆದ್ರೆ ಗೊಬ್ಬರ ಎಲ್ಲಿ ಹಾಕ್ತೀರಿ? ಹೊರೆ ಸೇರಿ ಅದರ ಮಿತಿ 1545 ಕೆ.ಜಿ. ನಾಲ್ಕು ಜನ ಕೂತರೆ ಒಂದು ಮೂಟೆ ಪೊಟ್ಯಾಷ್ ಹಾಕಬಹುದು, ಅಷ್ಟೇ. ದಿನಾ ಹೊರೆ ಇದ್ದರೆ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವ್ ನೋಡಿ. ಥಾರ್ ಆದ್ರೆ ಹುಷಾರು: ಹಿಂದಿನ ಗಾಲಿಗೆ ಮಾತ್ರ ಡ್ರೈವ್ ಇರೋದು 2023ರಿಂದ ಬರ್ತಿದೆ, ಹೊರಗಿಂದ ಹೆಚ್ಚುಕಮ್ಮಿ ಒಂದೇ ಥರ. ಗೇರ್ ಪಕ್ಕ 4ಎಚ್ (ನಾಲ್ಕೂ ಗಾಲಿಗೆ ಬಲ), 4ಎಲ್ (ನಾಲ್ಕೂ ಗಾಲಿಗೆ ನಿಧಾನದ, ಹೆಚ್ಚು ಬಲದ ಗೇರ್) ಅಂತ ಬರೆದ ಎರಡನೇ ಲಿವರ್ ಇದೆಯಾ ನೋಡಿ. ಹಿಂದಿನ ಡಿಫರೆನ್ಶಿಯಲ್ (ಎಡಬಲ ಗಾಲಿಗೆ ಬಲ ಹಂಚೋ ಗೇರ್) ಲಾಕ್ ಕೆಲವು ವೇರಿಯಂಟಲ್ಲಿ ಮಾತ್ರ ಇದೆ. ಒಂದು ಗಾಲಿ ಗುಂಡಿ ಮೇಲೆ ತೇಲಿ ಸುಮ್ಮನೆ ತಿರುಗುವಾಗ ನೆಲದಲ್ಲಿರೋ ಗಾಲಿಗೆ ಬಲ ಕೊಡೋದು ಅದು. ಜಿಮ್ನಿ ಆ ಕೆಲಸವನ್ನ ಸುಮ್ಮನೆ ತಿರುಗೋ ಗಾಲಿಗೆ ತಾನೇ ಬ್ರೇಕ್ ಹಿಡಿದು ಮಾಡುತ್ತೆ. ಹಾಗಾಗಿ ಆಕ್ಸಿಲರೇಟರ್ ಒಂದೇ ಸಮ ಒತ್ತಿ ಒಂದೆರಡು ಸೆಕೆಂಡ್ ಕಾಯಿರಿ, ಗಾಬರಿಯಿಂದ ಬಿಟ್ಟರೆ ಮತ್ತೆ ಮೊದಲಿಂದ ಶುರು.

ಮಡಿಕೇರಿಯಿಂದ: ಜಿಪ್ಸಿ ಆಸೆ ಬಿಡೋಕಾಗದಿದ್ರೆ ಬಣ್ಣ ನೋಡಬೇಡಿ, ಅಡಿಗೆ ಮಲಗಿ ನೋಡಿ. ಹಿಂದಿನ ಕಮಾನುಪಟ್ಟಿ ಚಾಸಿಗೆ ಸೇರೋ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದ್ರೆ ಸರಿ, ಮಂಕು ಸದ್ದು ಬಂದು ತುಕ್ಕಿನ ಹೊಪ್ಪಳೆ ಉದುರಿದ್ರೆ ವಾಪಸ್ ಬನ್ನಿ. ಮುಂದಿನ ಗಾಲಿ ಜ್ಯಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಡಿದ್ರೆ ಕಿಂಗ್‌ಪಿನ್ (ಗಾಲಿ ಎಡಬಲ ತಿರುಗೋ ಕೀಲು) ಬೇರಿಂಗ್ ಅಥವಾ ವೀಲ್ ಬೇರಿಂಗ್ ಹೋಗಿದೆ. ಗಾಲಿ ಒಳಗಿನ ಗುಂಡು ಭಾಗದಿಂದ ಗ್ರೀಸ್ ಕರಗಿ ಎಣ್ಣೆಯಂತೆ ಸೋರ್ತಿದ್ರೆ ಆಕ್ಸಲ್ ಸೀಲ್ ಸತ್ತಿದೆ. ಆಮೇಲೆ ಡಿಫರೆನ್ಶಿಯಲ್‌ನ ಎಣ್ಣೆ ತುಂಬೋ ತೂತಿನ ಬಿರಡೆ (ಫಿಲ್ಲರ್ ಪ್ಲಗ್) ಬಿಚ್ಚಿ ಬೆರಳು ಹಾಕಿ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ರೆ ಒಳಗೆ ನೀರು ಸೇರಿದೆ. ಬಿಸಿ ಆಕ್ಸಲ್ ಹಳ್ಳಕ್ಕೆ ಇಳಿದು ದಿಢೀರ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿಂದ ನೀರು ಎಳ್ಕೊಳ್ಳುತ್ತೆ. ಆಕ್ಸಲ್ ಉಸಿರಾಡೋ ಬ್ರೀದರ್ ಪೈಪನ್ನ ಬಾನೆಟ್ ಎತ್ತರಕ್ಕೆ ಒಯ್ದು ಕಟ್ಟೋದು ಅದಕ್ಕೇ, ಖರ್ಚು ತುಂಬಾ ಕಮ್ಮಿ.

ಶಿರಸಿಯಿಂದ: ಯಾವ ಗಾಡಿ ತಗೊಂಡ್ರೂ ಟಯರ್ ಸರಿ ಇಲ್ಲದಿದ್ರೆ ವ್ಯರ್ಥ ಅಣ್ಣ. ಹೈವೇ ಟಯರಿನ ಸಂದಿಗೆ ಕೆಮ್ಮಣ್ಣು ಮೆತ್ತಿಕೊಂಡ್ರೆ ನಾಲ್ಕೂ ಗಾಲಿ ತಿರುಗಿದ್ರೂ ಗಾಡಿ ಏರಲ್ಲ. ಮೂಡಿಗೆರೆಗೆ ಬಂದುಹೋಗೋದು ಹೆಚ್ಚಿದ್ರೆ ಆಲ್ ಟೆರೇನ್ (ಟಾರಿಗೂ ಮಣ್ಣಿಗೂ ಆಗೋ) ಟಯರ್ ಸಾಕು, ತೋಟದೊಳಗೇ ಇರೋ ಗಾಡಿಗೆ ಮಡ್ ಟೆರೇನ್ (ಕೆಸರಿನ) ಟಯರ್ ಹಾಕಿ. ಟಾರು ಬಿಡೋ ಕಡೆ ಗಾಳಿ 18–20 ಪಿಎಸ್‌ಐಗೆ ಇಳಿಸಿ, ವಾಪಸ್ ಟಾರಿಗೆ ಬಂದಾಗ ತುಂಬಿ. 12 ವೋಲ್ಟಿನ ಕಂಪ್ರೆಸರ್ ಒಂದು ಇಟ್ಕೊಳ್ಳಿ. ಏರು ಶುರುವಾಗೋ ಮುಂಚೆ ಸಮತಟ್ಟಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ 4ಎಲ್‌ಗೆ ಹಾಕಿ. ಅರ್ಧ ಏರಿ ಹಾಕೋಕೆ ಹೋದ್ರೆ ಗಾಡಿ ಹಿಂದಕ್ಕೆ ಜಾರುತ್ತೆ. ಒಣ ಟಾರಿನ ಮೇಲೆ ಬಂದ ಕೂಡಲೇ 2ಎಚ್‌ಗೆ (ಹಿಂದಿನ ಎರಡು ಗಾಲಿಗೆ ಮಾತ್ರ ಬಲ) ತನ್ನಿ, ಇಲ್ಲಾಂದ್ರೆ ತಿರುವಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಿ ಎರಡಕ್ಕೂ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತೆ. ಜ್ಯಾಕ್ ಕೆಳಗಿಡೋಕೆ ಒಂದು ಅಡಿ ಚೌಕದ ಹಲಗೆಯನ್ನ ಈಗಲೇ ಕೊಯ್ಸಿ ಗಾಡಿಯೊಳಗೆ ಹಾಕಿ. ಕೆಸರಲ್ಲಿ ಹಲಗೆ ಇಲ್ಲದ ಜ್ಯಾಕ್ ಗಾಡಿ ಎತ್ತಲ್ಲ, ತಾನೇ ಹೂತು ಹೋಗುತ್ತೆ.