ಶಾಲೆ ಕೈತೋಟ: ರಜೆಗೆ ಸಿಗದ ಹಾಗೆ ಯಾವಾಗ ಏನು ಬಿತ್ತಬೇಕು?

ಪ್ರಶ್ನೆ: ಬಯಲುಸೀಮೆಯ ಸರ್ಕಾರಿ ಶಾಲೆ, ಒಂದು ಗುಂಟೆ ಜಾಗ. ಬಿಸಿಯೂಟಕ್ಕೆ ತರಕಾರಿ ಬೇಕು. ದಸರಾ ರಜೆ, ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲ. ಹೇಗೆ ಹೊಂದಿಸುವುದು?

ಉತ್ತರ 1: ಮೇಷ್ಟ್ರೇ, ರಜೆಯ ದಿನದಿಂದ ಹಿಂದಕ್ಕೆ ಎಣಿಸಿ. ಜೂನ್ ಮೊದಲ ವಾರ ಬೆಂಡೆ ಬಿತ್ತಿ. ಬೀಜ ರಾತ್ರಿ ನೆನೆಸಿಡಿ; ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30. ಸುಮಾರು 50 ದಿನಕ್ಕೆ ಕಾಯಿ ಶುರು, ದಸರಾ ಹೊತ್ತಿಗೆ ಬೆಳೆ ಮುಗಿದಿರುತ್ತದೆ. ಶನಿವಾರ ಕೊಯ್ಯದೆ ಬಿಟ್ಟರೆ ಸೋಮವಾರಕ್ಕೆ ನಾರು. ಎಲೆಯ ನರ ಹಳದಿಯಾದ ಗಿಡ ಕಂಡ ಕೂಡಲೇ ಕೀಳಿ, ಬಿಳಿನೊಣ ಆ ನಂಜನ್ನು ಪಕ್ಕದ ಗಿಡಕ್ಕೆ ಒಯ್ಯುತ್ತದೆ.

ಉತ್ತರ 2: ಟೊಮೆಟೊವನ್ನು ದಸರಾಕ್ಕೆ ಮುಂಚೆ ನಾಟಿ ಮಾಡಲೇಬೇಡಿ, ಬೇರು ಹಿಡಿಯುವ ಮೊದಲೇ ಒಣಗುತ್ತದೆ. ರಜೆ ಮುಗಿದ ಕೂಡಲೇ ಏರುಮಡಿಗೆ ಬೀಜ ಹಾಕಿ, 25 ದಿನದ ಸಸಿ ನಾಟಿ ಮಾಡಿದರೆ ಜನವರಿ ಕೊನೆಗೆ ಹಣ್ಣು. ಮಡಿ 15 ಸೆಂ.ಮೀ. ಎತ್ತರವಿರಲಿ, ನೀರು ನಿಂತರೆ ಸಸಿಗಳ ಬುಡ ಕೊಳೆತು ಮಲಗುತ್ತವೆ.

ಪ್ರಶ್ನೆ ಕೇಳಿದವರು: ಫೆಬ್ರುವರಿಗೆ?

ಉತ್ತರ 1: ಹರಿವೆ, ಮೆಂತ್ಯ ಸಾಕು, ತಿಂಗಳೊಳಗೆ ಕೀಳಬಹುದು. ಹರಿವೆ ಬೀಜ ತೀರಾ ಸಣ್ಣ, ಮರಳು ಬೆರೆಸಿ ಚೆಲ್ಲಿ. ಮಾರ್ಚ್‌ನಲ್ಲಿ ಹೊಸದೇನೂ ಬೇಡ. ನುಗ್ಗೆ, ಕರಿಬೇವಿನ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ.