ಮೇಕೆಯ ಕಾರ್ನಿಯಾದಲ್ಲಿ ಪೆನೆಟ್ರಾಟಿನ್: ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ

ನಾನು ಎಂ.ಫಾರ್ಮಾ ಎರಡನೇ ವರ್ಷದ ವಿದ್ಯಾರ್ಥಿನಿ. ಕಣ್ಣಿಗೆ ಚುಚ್ಚುವ ಔಷಧವನ್ನು ಹನಿಯ ರೂಪದಲ್ಲೇ ಒಳಗೆ ಕಳುಹಿಸಬಹುದೇ ಎಂಬುದು ನನ್ನ ಪ್ರಬಂಧದ ವಿಷಯ. ಜೀವಕೋಶದ ಪೊರೆ ದಾಟಬಲ್ಲ ಪೆನೆಟ್ರಾಟಿನ್ ಪೆಪ್ಟೈಡಿಗೆ (ಅಮೈನೋ ಆಮ್ಲಗಳ ಸಣ್ಣ ಸರಪಣಿ) ಹಸಿರು ಹೊಳೆಯುವ ಬಣ್ಣ ಸೇರಿಸಿ ತರಿಸಿದ್ದೇವೆ. ಕೋಶಗಳಲ್ಲಿ ಮೊದಲ ಸಲವೇ ಚೆನ್ನಾಗಿ ಹೊಳೆಯಿತು. ಆದರೆ ಪದರವೊಂದನ್ನು ನಡುವೆ ಇಟ್ಟು ಆಚೆ ಬದಿಗೆ ಎಷ್ಟು ದಾಟಿತೆಂದು ಅಳೆಯುವ ಫ್ರಾಂಜ್ ಸೆಲ್ಲಿನಲ್ಲಿ ಮೇಕೆಯ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಇಟ್ಟರೆ ಇವತ್ತು ಬಂದ ಅಂಕಿ ನಾಳೆ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1

ಕಾರ್ನಿಯಾದ ಮಾತು ಆಮೇಲೆ. ಮೊದಲು ಆ ಹೊಳಪನ್ನು ಪರೀಕ್ಷಿಸಿ. ನಾನು ಎಂಟು ತಿಂಗಳು ಅದನ್ನು ನಂಬಿದ್ದೆ. ಕೋಶಗಳನ್ನು ಫಾರ್ಮಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿ, ಅಂದರೆ ಕೊಂದು ಇದ್ದ ಹಾಗೇ ಹಿಡಿದಿಟ್ಟು ನೋಡಿದರೆ ಕೋಶಕೇಂದ್ರವೂ ಸೇರಿ ಎಲ್ಲವೂ ಹಸಿರು. ಒಂದು ಸಂಜೆ ಸ್ಥಿರಗೊಳಿಸದೆ, ಜೀವಂತ ಕೋಶಗಳನ್ನೇ ಸೂಕ್ಷ್ಮದರ್ಶಕದಡಿ ಇಟ್ಟೆ. ಕೋಶಕೇಂದ್ರ ಕಪ್ಪಾಗಿತ್ತು. ಅದರ ಸುತ್ತ ಮಾತ್ರ ರಾಗಿ ಚೆಲ್ಲಿದ ಹಾಗೆ ಹಸಿರು ಚುಕ್ಕೆಗಳು. ಪೆಪ್ಟೈಡನ್ನು ಕೋಶ ನುಂಗಿತ್ತು ನಿಜ, ಆದರೆ ಅದು ನುಂಗುವಾಗ ಕೋಶದೊಳಗೆ ಉಂಟಾಗುವ ಎಂಡೋಸೋಮ್ ಚೀಲಗಳಲ್ಲೇ ಸಿಕ್ಕಿಕೊಂಡಿತ್ತು. ಔಷಧ ಆ ಚೀಲದಿಂದ ಹೊರಬಾರದಿದ್ದರೆ ರೋಗಿಗೆ ಏನೂ ಸಿಗುವುದಿಲ್ಲ.

ಇದು ನಮ್ಮಿಬ್ಬರದೇ ತಪ್ಪಲ್ಲ. ಎಚ್‌ಐವಿಯ ಟ್ಯಾಟ್ ಪ್ರೋಟೀನು ತಾನಾಗಿ ಕೋಶದೊಳಕ್ಕೆ ಹೋಗುತ್ತದೆ ಎಂದು 1988ರಲ್ಲಿ ಗೊತ್ತಾಯಿತು. ಹಣ್ಣುನೊಣದ ಪ್ರೋಟೀನಿನಿಂದ ಪೆನೆಟ್ರಾಟಿನ್ ಬಂದದ್ದು 1994ರಲ್ಲಿ. ಸ್ಥಿರಗೊಳಿಸುವ ಕ್ರಿಯೆಯೇ ಸುಳ್ಳು ಚಿತ್ರ ಕೊಡುತ್ತದೆ ಎಂದು ಫ್ರಾನ್ಸಿನ ಮೊಂಪೆಲ್ಯೆಯ ಗುಂಪೊಂದು ಸ್ಪಷ್ಟವಾಗಿ ತೋರಿಸಿದ್ದು 2003ರಲ್ಲಿ. ಪೆನೆಟ್ರಾಟಿನ್ನಿನ 16 ಅಮೈನೋ ಆಮ್ಲಗಳಲ್ಲಿ ಏಳು ಧನಾವೇಶದವು. ಕೋಶದ ಮೈಯೋ ಋಣಾವೇಶದ್ದು. ಎಷ್ಟು ತೊಳೆದರೂ ಪೆಪ್ಟೈಡ್ ಹೊರಮೈಗೆ ಅಂಟಿಕೊಂಡೇ ಇರುತ್ತದೆ. ಪ್ರೋಟೀನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ನಿನಿಂದ ಅದನ್ನು ಬಿಡಿಸಿದ ಮೇಲೆಯೇ ಅಳೆಯಿರಿ. 4 ಡಿಗ್ರಿಯಲ್ಲೂ ಒಮ್ಮೆ ಮಾಡಿ ನೋಡಿ. ಆ ಚಳಿಯಲ್ಲಿ ಕೋಶ ನುಂಗುವುದನ್ನು ನಿಲ್ಲಿಸುತ್ತದೆ. ಹೊಳಪು ಆಗಲೂ ಅಷ್ಟೇ ಇದ್ದರೆ ಅದು ಹೊರಮೈಗೆ ಅಂಟಿದ್ದೇ ಎಂದು ಮೊದಲು ಶಂಕಿಸಿ.

ಬರೀ ಬಣ್ಣವನ್ನು ಮಾತ್ರ ಹಾಕಿದ ಒಂದು ಕಾರ್ನಿಯಾವೂ ಪ್ರತಿ ಸಲ ಇರಲಿ. ಅಂಗಾಂಶದ ಕಿಣ್ವಗಳು ಪೆಪ್ಟೈಡನ್ನು ಕತ್ತರಿಸುತ್ತವೆ, ಬಣ್ಣ ಹೊತ್ತ ತುಂಡಷ್ಟೇ ಆಚೆ ದಾಟುತ್ತದೆ, ನಾವು ಔಷಧ ದಾಟಿತು ಎಂದು ಬರೆದುಕೊಳ್ಳುತ್ತೇವೆ. ಆಚೆ ಬದಿಯ ದ್ರವದಲ್ಲಿ ಔಷಧವನ್ನೇ ಎಚ್‌ಪಿಎಲ್‌ಸಿಯಲ್ಲಿ (ದ್ರವದಲ್ಲಿ ಬೆರೆತದ್ದನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಿಡಿದು ತೋರಿಸಿ. ನನ್ನ ಪ್ರಕಾರ ಪ್ರಬಂಧದ ಜೀವ ಇರುವುದು ಅಲ್ಲಿ.

ಉತ್ತರ 2

ಅಂಕಿ ದಿನದಿಂದ ದಿನಕ್ಕೆ ಬದಲಾಗುವುದಕ್ಕೆ ನನಗೆ ಸಿಕ್ಕ ಕಾರಣ ಮಾಂಸದಂಗಡಿಯಲ್ಲಿತ್ತು. ತಂಗಿ, ನಮ್ಮ ಕಡೆ ಮೇಕೆಯ ತಲೆಯನ್ನು ಬೆಂಕಿಯಲ್ಲಿ ಸುಡುತ್ತಾರಲ್ಲ, ಅದಕ್ಕೆ ಮುಂಚೆ ಕಣ್ಣು ತೆಗೆದರೋ ಆಮೇಲೋ ಎಂದು ಕೇಳಿದ್ದೀರಾ? ಸುಟ್ಟ ತಲೆಯ ಕಾರ್ನಿಯಾ ನೋಡಲು ತಿಳಿಯಾಗಿಯೇ ಇರಬಹುದು, ಆದರೆ ಮೇಲ್ಪದರ ಬಿಸಿಗೆ ಸಡಿಲವಾಗಿರುತ್ತದೆ. ಔಷಧವನ್ನು ತಡೆಯುವುದು ಮುಖ್ಯವಾಗಿ ಅದೇ ಪದರ. ಅದು ಹೋದರೆ ಯಾವ ಪೆಪ್ಟೈಡೂ ಗೆಲ್ಲುತ್ತದೆ.

ಬೆಳಗಿನ ಜಾವ ನಾನೇ ಹೋಗಿ ನಿಂತು, ಕಣ್ಣುಗಳನ್ನು ತಣ್ಣನೆಯ ಲವಣದ್ರಾವಣದಲ್ಲಿ ಹಾಕಿಸಿಕೊಂಡು ಬರುತ್ತಿದ್ದೆ. ಕಾರ್ನಿಯಾದ ಸುತ್ತ ಬಿಳಿಗುಡ್ಡೆಯ ಅಂಚನ್ನು ಒಂದೆರಡು ಮಿಲಿಮೀಟರ್ ಉಳಿಸಿ ಕತ್ತರಿಸಿ, ಇಲ್ಲವಾದರೆ ಕ್ಲಾಂಪ್ ಹಾಕುವಾಗಲೇ ಮಡಿಕೆ ಬೀಳುತ್ತದೆ. ಪ್ರಯೋಗ ಮುಗಿದ ಮೇಲೆ ಒದ್ದೆ ತೂಕ, ಒಣಗಿಸಿದ ತೂಕ ಎರಡನ್ನೂ ಬರೆದಿಡಿ. ನೀರಿನಂಶ ಶೇಕಡಾ 75ರಿಂದ 80ರೊಳಗೆ ಇಲ್ಲದಿದ್ದರೆ ಆ ದಿನದ ಅಂಕಿಯನ್ನು ಬಿಡಿ, ಅದು ಎಷ್ಟೇ ಚೆನ್ನಾಗಿರಲಿ.

ಪ್ರಶ್ನೆ ಕೇಳಿದವರು

ಈಗಷ್ಟೇ ಅಂಗಡಿಯವರನ್ನು ಕೇಳಿ ಬಂದೆ. ಬೇಗ ಹೋದ ದಿನ ಸುಡುವ ಮುಂಚೆ, ತಡವಾದ ದಿನ ಸುಟ್ಟ ಮೇಲೆ ತೆಗೆದು ಕೊಟ್ಟಿದ್ದಾರಂತೆ. ಸೋಮವಾರದಿಂದ ಎಲ್ಲವನ್ನೂ ಮತ್ತೆ ಮಾಡುತ್ತೇನೆ.

ಉತ್ತರ 3

ಮುನ್ನುಡಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ 2017ರ ಕೆಲಸವನ್ನು ಸೇರಿಸಿ. ಆರು ಆರ್ಜಿನೈನ್‌ಗಳ (ಧನಾವೇಶದ ಅಮೈನೋ ಆಮ್ಲ) ಪೆಪ್ಟೈಡಿನ ಜೊತೆ, ಕಣ್ಣಿಗೆ ಚುಚ್ಚಿ ಕೊಡುವ ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್ ಔಷಧಗಳನ್ನು ಹನಿಯಾಗಿ ಕೊಟ್ಟರು. ಇಲಿಯ ಅಕ್ಷಿಪಟಲದ ಹಿಂದೆ ಬೆಳೆದ ಕೆಟ್ಟ ರಕ್ತನಾಳಗಳು ಇಂಜೆಕ್ಷನ್ನಿಗೆ ಸಮನಾಗಿ ಕುಗ್ಗಿದವು. ಆದರೆ ಇಲಿಯ ಕಣ್ಣು ಸುಮಾರು 3 ಮಿಲಿಮೀಟರ್, ನಮ್ಮದು 24. ಆ ದೂರದ ನಡುವೆ ಇರುವ ಹಯಲುರೋನನ್ ತುಂಬಿದ ಲೋಳೆಯೂ ಋಣಾವೇಶದ್ದೇ. ಕಾರ್ನಿಯಾ ದಾಟಿಸಿದ ಧನಾವೇಶದ ಗುಣವೇ ಅಲ್ಲಿ ಪೆಪ್ಟೈಡನ್ನು ಕಟ್ಟಿಹಾಕಬಹುದು. ಆದ್ದರಿಂದ ನಿಮ್ಮ ಪ್ರಬಂಧ ಕಣ್ಣಿನ ಮುಂಭಾಗಕ್ಕೆ ಸೀಮಿತವಾಗಿರಲಿ, ಔಷಧವಾಗಿ ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಸಾಕು.

ಉತ್ತರ 4

ನನಗೆ ಪ್ರಯೋಗಾಲಯದ ವಿಷಯ ತಿಳಿಯದು. ಸಕ್ಕರೆ ಕಾಯಿಲೆಯಿಂದ ಅಮ್ಮನ ಅಕ್ಷಿಪಟಲ ಊದಿಕೊಂಡಿದೆ, ಇಂಜೆಕ್ಷನ್ನಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಹಿಂದಿನ ರಾತ್ರಿ ಅವರು ನಿದ್ದೆ ಮಾಡುವುದಿಲ್ಲ. ಹನಿ ಬರುವವರೆಗೆ ಕಾಯೋಣ ಎಂದು ಒಮ್ಮೆ ಹಟ ಹಿಡಿದರು. ಡಾಕ್ಟರು, ಕಾಯುವಷ್ಟರಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದರು, ಹಾಗಾಗಿ ಒಂದನ್ನೂ ತಪ್ಪಿಸಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಈಗಿನ ಹನಿಗಳನ್ನೇ ಹಾಕಿಕೊಳ್ಳುವಾಗ ಅಮ್ಮನ ಕೈ ನಡುಗಿ ಅರ್ಧ ಕೆನ್ನೆಗೆ ಬೀಳುತ್ತದೆ. ಕಣ್ಣು ಉರಿದರೆ ಉಳಿದ ಅರ್ಧವೂ ನೀರಿನೊಂದಿಗೆ ಹರಿದುಹೋಗುತ್ತದೆ. ನಿಮ್ಮ ಪೆಪ್ಟೈಡ್ ಕಣ್ಣನ್ನು ಉರಿಸುತ್ತದೆಯೇ ಎಂಬುದನ್ನೂ ಈಗಲೇ ನೋಡಿ.